ಗೃಹೋದ್ಯಾನದಲ್ಲಿ ತೆಂಡೆ ಈರುಳ್ಳಿ

ಪೇಟೆಯಲ್ಲಿ ಈರುಳ್ಳಿ ಸೊಪ್ಪೆಂದು, ಉತ್ತರ ಕರ್ನಾಟಕದಲ್ಲಿ ಉಳ್ಳಾಗಡ್ಡಿ ತಪ್ಪಲೆಂದು ಮಾರಾಟವಾಗುವ ಕಟ್ಟುಗಳು ಬಹುಮಟ್ಟಿಗೆ ಸಾಮಾನ್ಯ ಈರುಳ್ಳಿಯ ಎಳೆಯ ಗಿಡಗಳೇ. ಬೀಜದ ಪೊಟ್ಟಣಗಳ ಮೇಲೆ ‘ಬಂಚಿಂಗ್ ಆನಿಯನ್’ ಎಂದು ಕಾಣಬರುವುದಾದರೋ ಅನೇಕ ವೇಳೆ ಬೇರೊಂದು ಪ್ರಭೇದ. ಅದು ಗೆಡ್ಡೆ ಕಟ್ಟುವುದಿಲ್ಲ. ಬುಡದಲ್ಲಿ ತೆಂಡೆಯೊಡೆದು ಗುಂಪಾಗಿ ಬೆಳೆಯುತ್ತದೆ. ಈ ಭೇದವನ್ನರಿಯದವರು ಗೆಡ್ಡೆಗಾಗಿ ತಿಂಗಳುಗಟ್ಟಲೆ ಕಾದು, ಕೊನೆಗೆ ಬೇಸತ್ತು, ಸೊಂಪಾದ ಗಿಡವನ್ನೇ ಕಿತ್ತೆಸೆಯುವುದುಂಟು. ಆದುದರಿಂದ ಇದರ ಸ್ವರೂಪವನ್ನೂ ಬೇಸಾಯಕ್ರಮವನ್ನೂ ಸಂಗ್ರಹವಾಗಿ ವಿವರಿಸಲು ಇಲ್ಲಿ ಯತ್ನಿಸಿದ್ದೇವೆ. ಇದರ ಗುಣವನ್ನನುಸರಿಸಿ ಇದನ್ನು ತೆಂಡೆ ಈರುಳ್ಳಿಯೆಂದು ಕರೆಯುತ್ತೇವೆ.

ಲಿನೇಯಸನು 1753ರಲ್ಲಿ ಸಾಮಾನ್ಯ ಈರುಳ್ಳಿಗೆ ಆಲಿಯಂ ಸೀಪ ಎಂದೂ ಇದಕ್ಕೆ ಆಲಿಯಂ ಫಿಸ್ಟುಲೋಸಮ್ ಎಂದೂ ಹೆಸರಿಟ್ಟನು. ಎರಡರಲ್ಲಿಯೂ ವರ್ಣತಂತುಗಳ ಸಂಖ್ಯೆ 16. ಚೀನ, ಜಪಾನ್ ದೇಶಗಳಲ್ಲಿ ಇದು ಬಹುಕಾಲದಿಂದ ಮುಖ್ಯವಾದ ತರಕಾರಿ. ಪೊಟ್ಟಣದ ಹೆಸರನ್ನಷ್ಟೇ ನಂಬದೆ, ಬೆಳೆದ ಗಿಡದ ಎಲೆಯನ್ನು ಅಡ್ಡಲಾಗಿ ಕೊಯ್ದು ನೋಡಬೇಕು. ಸಾಮಾನ್ಯ ಈರುಳ್ಳಿಯ ಎಲೆ ಒಂದು ಮಗ್ಗುಲಲ್ಲಿ ಚಪ್ಪಟೆ. ತೆಂಡೆ ಈರುಳ್ಳಿಯದು ಕೊಳವೆಯಂತೆ ದುಂಡು. ಮೊದಲನೆಯದರಲ್ಲಿ ಗೆಡ್ಡೆ ಬಲಿತೊಡನೆ ಎಲೆಗಳು ಬಾಗಿ ಒಣಗುತ್ತವೆ. ಎರಡನೆಯದು ಗೆಡ್ಡೆಯಲ್ಲಿ ಆಹಾರವನ್ನು ಕೂಡಿಡದೆ ಹೊಸ ಎಲೆಗಳನ್ನೂ ತೆಂಡೆಗಳನ್ನೂ ತಳೆಯುತ್ತ ಹೋಗುತ್ತದೆ. ಗೃಹೋದ್ಯಾನಕ್ಕೆ ಇದರ ಉಪಯುಕ್ತತೆ ಇರುವುದು ಇಲ್ಲಿಯೇ.

ಈರುಳ್ಳಿಯ ಬೀಜಗಳು ಬಹುಬೇಗ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಆದಕಾರಣ ಹೊಸ ಬೀಜವನ್ನೇ ಆರಿಸಬೇಕು. ನಮ್ಮ ಬಯಲುಸೀಮೆಯಲ್ಲಿ ಮಳೆಯ ಅಬ್ಬರವಡಗಿದ ಮೇಲೆ, ಅಕ್ಟೋಬರ್ ತಿಂಗಳ ಸುಮಾರಿಗೆ, ಕೊಟ್ಟಿಗೆ ಗೊಬ್ಬರ ಬೆರೆಸಿದ ಸಸಿಮಡಿಯಲ್ಲಾಗಲಿ ಕುಂಡದಲ್ಲಾಗಲಿ ಸುಮಾರು 1 ಸೆಂ.ಮೀ. ಆಳಕ್ಕೆ ಬಿತ್ತಬಹುದು. 6ರಿಂದ 8 ವಾರಗಳ ಸಸಿಗಳನ್ನು ಬಿಸಿಲು ಬೀಳುವ ಪಾತಿಯಲ್ಲಿ 15 ಸೆಂ.ಮೀ. ಅಂತರದಲ್ಲಿ ನೆಡಬೇಕು. ಬೇರುಗಳು ಮೇಲ್ಮಣ್ಣಿನಲ್ಲಿಯೇ ಹರಡುವುದರಿಂದ ನೀರನ್ನು ಸ್ವಲ್ಪಸ್ವಲ್ಪವಾಗಿ ಆಗಾಗ್ಗೆ ಕೊಡಬೇಕು. ಆದರೆ ನೀರು ನಿಂತರೆ ಬುಡ ಕೊಳೆಯುತ್ತದೆ. ಕಳೆಯನ್ನು ಕೈಯಿಂದಲೇ ತೆಗೆಯುವುದು ಲೇಸು. ಬುಡಕ್ಕೆ ಮಣ್ಣು ಏರಿಸುತ್ತ ಬಂದರೆ ಬೆಳಕು ತಾಗದ ಭಾಗವು ಬೆಳ್ಳಗಾಗಿ ಮೃದುವಾಗುತ್ತದೆ. ಒಣಹವೆಯಲ್ಲಿ ಎಲೆಗಳ ಮೇಲೆ ಬೆಳ್ಳಿಯಂತಹ ಗೆರೆಗಳು ತೋರಿದರೆ ಅದು ಥ್ರಿಪ್ಸ್ ಕೀಟದ ಹಾವಳಿ; ಎಲೆಗಳ ಸಂದುಗಳಿಗೆ ರಭಸವಾಗಿ ನೀರು ಎರಚಿದರೆ ಅದು ತಕ್ಕಮಟ್ಟಿಗೆ ತಗ್ಗುತ್ತದೆ.

ಕೊಯ್ಲಿನಲ್ಲಿ ವಿಶೇಷ ಎಚ್ಚರ ಅವಶ್ಯ. ಗುಂಪನ್ನು ಸಮೂಲವಾಗಿ ಕಿತ್ತರೆ ಪುನಃ ಬೀಜದಿಂದಲೇ ಆರಂಭಿಸಬೇಕಾಗುತ್ತದೆ. ಹೊರಗಿನ ತೆಂಡೆಗಳನ್ನು ಬಿಡಿಸಿಕೊಂಡು, ನಡುವೆ ಎರಡು ಮೂರನ್ನು ಉಳಿಸಿದರೆ ಗುಂಪು ಮತ್ತೆ ತುಂಬಿಕೊಳ್ಳುತ್ತದೆ. ಹೂದಂಡು ಕಾಣಿಸಿಕೊಂಡಾಗ, ಬೀಜ ಬೇಡವಾದರೆ, ಅದನ್ನು ಚಿವುಟಬೇಕು. ಗುಂಪು ಇಕ್ಕಟ್ಟಾದಾಗ ಅಗೆದು, ತೆಂಡೆಗಳನ್ನು ಬೇರುಸಹಿತ ಬೇರ್ಪಡಿಸಿ, ಹೊಸ ಮಣ್ಣಿನಲ್ಲಿ ನೆಡಬೇಕು. ಹೀಗೆ ಒಮ್ಮೆ ತಂದ ಬೀಜದಿಂದ ಒಂದು ಸಣ್ಣ ಪಾತಿಯನ್ನು ಹಲವು ವರ್ಷ ನಡೆಸಿಕೊಂಡು ಬರಲು ಸಾಧ್ಯ.