ಅಪಘಾತಕ್ಕೆ ಮುಂಚಿನ ಸಾಕ್ಷ್ಯ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಮಳೆ ಕಡಮೆಯಾದ ಸೀಮೆ. ಇಲ್ಲಿನ ಬೇಸಾಯವು ಬಹುಕಾಲ ಕೆರೆಗಳನ್ನೇ ನೆಚ್ಚಿಕೊಂಡಿದ್ದಿತು. ಕೆರೆ ತುಂಬಿದ ವರ್ಷ ಏರಿಯ ಹೊರಮೈಯಲ್ಲಿ ನೀರು ಜಿನುಗುವುದುಂಟು. ಜಿನುಗುವ ನೀರು ತಿಳಿಯಾಗಿದ್ದರೆ ಅದರ ಮೇಲೆ ಕಣ್ಣಿಟ್ಟಿರಬೇಕು. ಬಗ್ಗಡವಾಗಿದ್ದರೆ ಒಡನೆಯೇ ಕಾರ್ಯಕ್ಕೆ ತೊಡಗಬೇಕು. ಏಕೆಂದರೆ ಬಗ್ಗಡವಾದ ನೀರು ಏರಿಯ ಒಳಮಣ್ಣನ್ನು ಹೊತ್ತು ತರುತ್ತಿರುತ್ತದೆ. ಒಳಗಿನ ರಂಧ್ರವು ದಿನೇ ದಿನೇ ಹಿಗ್ಗಿ ಕಡೆಗೆ ಏರಿಯೇ ಒಡೆಯಬಹುದು. ನಿನ್ನೆ ಏರಿ ನಿಂತಿದ್ದಿತೆಂಬುದು ನಾಳೆಯೂ ನಿಲ್ಲುವುದೆಂಬುದಕ್ಕೆ ಪ್ರಮಾಣವಲ್ಲ.

ನೀರಗಂಟಿಯು ಅರಿತಿರಬೇಕಾದ ಈ ನಿಯಮವೇ ವ್ಯೋಮನೌಕೆಗಳಿಗೂ ಅನ್ವಯಿಸುತ್ತದೆ. ಯಂತ್ರವು ನಿರೀಕ್ಷಿಸಿದಂತೆ ವರ್ತಿಸದೆ, ಆದರೂ ಹಾನಿಯಾಗದೆ ಕಾರ್ಯವು ಮುಗಿದರೆ, ಆ ವರ್ತನೆಯನ್ನು ಇಲ್ಲಿ ವ್ಯತ್ಯಯವೆಂದು ಕರೆಯೋಣ. ಹಾನಿಯಾಗಲಿಲ್ಲವೆಂಬ ಸಮಾಧಾನದಲ್ಲಿ ವ್ಯತ್ಯಯದ ಕಾರಣವನ್ನು ಶೋಧಿಸದೆ ಬಿಡುವುದೇ ಮಹಾಪಾಯದ ಮೂಲ.

ಅಮೆರಿಕದ ಚಾಲೆಂಜರ್ ನೌಕೆಯು ಇದಕ್ಕೆ ದುಃಖಕರವಾದ ನಿದರ್ಶನ. ಅದರ ಘನ ಇಂಧನದ ರಾಕೆಟ್ಟುಗಳ ಕೀಲುಗಳನ್ನು ರಬ್ಬರಿನ ಉಂಗುರಗಳು ಮುಚ್ಚುತ್ತಿದ್ದುವು. ಬಿಸಿ ಅನಿಲವು ಈ ಉಂಗುರಗಳನ್ನು ಸವೆಯಿಸಿದುದು 1981ರಿಂದಲೇ ಹಿಂದಿನ ಯಾನಗಳಲ್ಲಿ ಕಂಡುಬಂದಿದ್ದಿತು. ಪ್ರತಿ ಸಲವೂ ನೌಕೆ ಸುರಕ್ಷಿತವಾಗಿ ಮರಳಿದುದರಿಂದ ಆ ಸವೆತವು ಕ್ರಮೇಣ ಸಹಜವೆನಿಸಿತು. ಚಳಿಯಲ್ಲಿ ಉಂಗುರಗಳು ಬಿರುಸಾಗುವುವೆಂದು ಎಂಜಿನಿಯರರು ಉಡಾವಣೆಯ ಹಿಂದಿನ ರಾತ್ರಿ ಎಚ್ಚರಿಸಿದರೂ ಫಲವಾಗಲಿಲ್ಲ. 1986ರ ಜನವರಿ 28ರಂದು 7 ಮಂದಿ ಮಡಿದರು. 2003ರ ಫೆಬ್ರವರಿ 1ರಂದು ಕೊಲಂಬಿಯ ನಾಶವಾಗಿ ಕಲ್ಪನಾ ಚಾವ್ಲಾ ಅವರೂ ಸೇರಿದಂತೆ ಮತ್ತೆ 7 ಮಂದಿ ತೀರಿಕೊಂಡರು. ಇಂಧನ ತೊಟ್ಟಿಯಿಂದ ಕಳಚಿದ ನೊರೆಯ ತುಂಡೊಂದು ಎಡರೆಕ್ಕೆಗೆ ಬಡಿದುದೇ ಕಾರಣ. ಹಿಂದಿನ ಯಾನಗಳಲ್ಲಿಯೂ ನೊರೆ ಕಳಚಿದ್ದಿತು. ಅದನ್ನೂ ಸಾಮಾನ್ಯವೆಂದೇ ಎಣಿಸಲಾಗಿದ್ದಿತು.

ಪಾಠ ಕಲಿತುದಕ್ಕೆ ನಿದರ್ಶನವು ನಮ್ಮಲ್ಲಿಯೇ ಇದೆ. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ವಿಕ್ರಮ್ ಇಳಿನೌಕೆಯು ಸಂಪರ್ಕ ಕಡಿದು ಚಂದ್ರನ ನೆಲಕ್ಕೆ ಅಪ್ಪಳಿಸಿತು. ಅದರ 5 ಎಂಜಿನ್ನುಗಳು ನಿರೀಕ್ಷೆಗಿಂತ ಹೆಚ್ಚಿನ ನೂಕುಬಲವನ್ನು ಕೊಟ್ಟುವು. ಸಣ್ಣ ಸಣ್ಣ ದೋಷಗಳು ಒಟ್ಟುಗೂಡಿದುವು. ಅವನ್ನು ತಿದ್ದಲು ಬೇಕಾದಷ್ಟು ವೇಗವಾಗಿ ನೌಕೆ ತಿರುಗಲಾರದಾಯಿತು. ಇಳಿಯಬೇಕಾದ ಸ್ಥಳವೂ 500 ಮೀಟರ್ ಉದ್ದ, 500 ಮೀಟರ್ ಅಗಲದ್ದು ಮಾತ್ರ. ಚಂದ್ರಯಾನ-3ನ್ನು ರೂಪಿಸುವಾಗ ‘ಏನೇನು ಕೆಡಬಹುದು?’ ಎಂಬ ಪ್ರಶ್ನೆಯಿಂದಲೇ ವಿಜ್ಞಾನಿಗಳು ಆರಂಭಿಸಿದರು. ನಡುವಣ ಎಂಜಿನ್ನನ್ನು ತೆಗೆದು, ಕಾಲುಗಳನ್ನು ಬಲಪಡಿಸಿ, ಇಂಧನವನ್ನು ಹೆಚ್ಚಿಸಿ, ಇಳಿದಾಣವನ್ನು 4 ಕಿಲೋಮೀಟರ್ ಉದ್ದ, ಸುಮಾರು 2.5 ಕಿಲೋಮೀಟರ್ ಅಗಲಕ್ಕೆ ವಿಸ್ತರಿಸಿದರು. 2023ರ ಆಗಸ್ಟ್ 23ರಂದು ನೌಕೆಯು ಮೆಲ್ಲನೆ ಇಳಿದುದನ್ನು ಬೆಂಗಳೂರಿನ ಪೀಣ್ಯದ ನಿಯಂತ್ರಣ ಕೇಂದ್ರದಲ್ಲಿದ್ದವರು ಕಂಡರು.

ವಿಕ್ರಮ್ ನೌಕೆಯಲ್ಲಿ ಮನುಷ್ಯರಿರಲಿಲ್ಲ. ಮನುಷ್ಯರನ್ನೇ ಕಳುಹಿಸುವ ಗಗನಯಾನದ ಸಿದ್ಧತೆಯಲ್ಲಿ ಪೂರ್ಣ ವೈಫಲ್ಯದವರೆಗೆ ಕಾಯುವಂತಿಲ್ಲ, ವ್ಯತ್ಯಯವೇ ಪಾಠವಾಗಬೇಕು. ಅದಕ್ಕೆ ಮೂರು ನಿಯಮಗಳು ಅವಶ್ಯಕ: ಕಂಡ ವ್ಯತ್ಯಯವನ್ನೆಲ್ಲ ಬರೆದಿಡುವುದು, ಕಾರ್ಯವು ಸಫಲವಾದಾಗಲೂ ಕಾರಣವನ್ನು ಶೋಧಿಸುವುದು, ದೋಷವನ್ನು ತಿಳಿಸಿದವನನ್ನು ದಂಡಿಸದಿರುವುದು.

ಈ ಅಭ್ಯಾಸವು ಕಾಲೇಜಿನ ಪ್ರಯೋಗಶಾಲೆಯಲ್ಲಿಯೇ ಆರಂಭವಾಗಬೇಕು. ಪುಸ್ತಕದ ಉತ್ತರಕ್ಕೆ ಹೊಂದದ ಅಳತೆಯನ್ನು ವಿದ್ಯಾರ್ಥಿಯು ಅಳಿಸಿಹಾಕಿದರೆ ಅಧ್ಯಾಪಕರು ಅವನನ್ನು ತಡೆಯಬೇಕು. ಏರಿಯ ಮೇಲಿನ ಬಗ್ಗಡ ನೀರನ್ನು ಒರೆಸಿಬಿಟ್ಟ ಮಾತ್ರಕ್ಕೆ ಕೆರೆ ಭದ್ರವಾಗದು.