ಮೊದಲ ಮೂರು ವರ್ಷ ಕೈ ಹಿಡಿಯೋಣ

ಮುಂಬಯಿಯ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾದರೆಂದು ನಾವೆಲ್ಲ ಸಭೆಗಳಲ್ಲಿ ಮರುಗುತ್ತೇವೆ. ಊರಿನಿಂದ ಬಂದ ಶಿಕ್ಷಕರು ಇಲ್ಲಿ ಯಾಕೆ ನಿಲ್ಲುವುದಿಲ್ಲವೆಂದು ಕೇಳುವವರು ಕಡಿಮೆ.

ಬ್ಯಾಂಕ್ ಗುಮಾಸ್ತನಾದ ನನಗೆ ಲೆಕ್ಕ ಹಾಕುವ ಅಭ್ಯಾಸ. ಮಹಾರಾಷ್ಟ್ರದ ಅನುದಾನಿತ ಶಾಲೆಗೆ ಹೊಸದಾಗಿ ಸೇರಿದವರು ಮೊದಲ 3 ವರ್ಷ ‘ಶಿಕ್ಷಣ ಸೇವಕ’ರು. ಅವರಿಗೆ ಸಿಗುವುದು ವೇತನ ಶ್ರೇಣಿಯಲ್ಲ, ಗೌರವಧನ. ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ 6,000 ರೂ. ಇದ್ದದ್ದು 2023ರ ಜನವರಿಯಿಂದ 16,000 ರೂ. ಆಯಿತು. ಡೊಂಬಿವಲಿಯಲ್ಲಿ ಕೋಣೆ ಬಾಡಿಗೆ, ಲೋಕಲ್ ರೈಲಿನ ಪಾಸ್, ಊಟದ ಖರ್ಚು ಕಳೆದರೆ ಮನೆಗೆ ಕಳುಹಿಸಲು ಎಷ್ಟು ಉಳಿದೀತು? ಕರ್ನಾಟಕದಲ್ಲಿ ಕೆಲಸ ಸಿಕ್ಕಿದೊಡನೆ ಗಂಟುಮೂಟೆ ಕಟ್ಟುತ್ತಾರೆ. ತಪ್ಪು ಅವರದಲ್ಲ.

ಮೂರು ವರ್ಷ ದಾಟಿದರೆ ವೇತನ ಶ್ರೇಣಿ ಸಿಗುತ್ತದೆ. ಕಷ್ಟವೆಲ್ಲ ಅಲ್ಲಿಯವರೆಗಿನದು. ನಮ್ಮ ಸಂಘ-ಸಂಸ್ಥೆಗಳು ಸನ್ಮಾನದ ಶಾಲು, ಹಾರ, ಸ್ಮರಣಿಕೆಯ ಖರ್ಚಿನಲ್ಲಿ ಸ್ವಲ್ಪ ಉಳಿಸಿ ಬಾಡಿಗೆಗೆ ನೆರವಾಗಬಹುದು. ಖಾಲಿ ಫ್ಲ್ಯಾಟ್ ಇರುವ ಸದಸ್ಯರು ಕಡಿಮೆ ಬಾಡಿಗೆಗೆ ಕೊಡಬಹುದು. ಹಬ್ಬದ ದಿನ ಊಟಕ್ಕೆ ಕರೆದರೂ ಪರವೂರಿನಲ್ಲಿ ಅದು ದೊಡ್ಡದು.

ಹಗಲು ಬ್ಯಾಂಕು, ಸಂಜೆ ಕಾಲೇಜು ಎಂದು ಓಡಾಡಿ ನಾನು ಬಿ.ಕಾಂ. ಮುಗಿಸಿದ್ದು ಬಿಟ್ಟುಹೋಗದೆ ಕಲಿಸಿದ ಮಾಸ್ತರರಿಂದ. ನಮ್ಮ ಮಕ್ಕಳಿಗೂ ಅಂಥವರು ಸಿಗಬೇಡವೇ? ಮುಂದಿನ ಮಹಾಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ.