ವಾಂತಿ-ಭೇದಿಯಿಂದ ಚೇತರಿಸಿಕೊಳ್ಳುವಾಗ ಆಹಾರ ಮತ್ತು ಪಾನೀಯ

ಮಳೆಗಾಲದಲ್ಲಿ ಕುಡಿಯುವ ನೀರು ಕಲುಷಿತಗೊಂಡು ವಾಂತಿ-ಭೇದಿ ಪ್ರಕರಣಗಳು ಹೆಚ್ಚುತ್ತವೆ. ಹೊಟ್ಟೆಯನ್ನು ಖಾಲಿ ಬಿಟ್ಟರೆ ಭೇದಿ ನಿಲ್ಲುವುದೆಂದು ಭಾವಿಸಿ ರೋಗಿಗೆ, ವಿಶೇಷವಾಗಿ ಮಕ್ಕಳಿಗೆ, ಅನ್ನ-ನೀರು ನಿಲ್ಲಿಸುವ ರೂಢಿ ಹಲವು ಮನೆಗಳಲ್ಲಿ ಇಂದಿಗೂ ಇದೆ. ಈ ರೂಢಿ ಅಪಾಯಕಾರಿ. ಭೇದಿಯಿಂದ ಸಂಭವಿಸುವ ಸಾವಿಗೆ ಮುಖ್ಯ ಕಾರಣ ಶರೀರದ ನೀರು ಮತ್ತು ಲವಣಾಂಶ ಬರಿದಾಗುವುದು. ಚಿಕ್ಕ ಮಕ್ಕಳಲ್ಲಿ ಈ ಸ್ಥಿತಿ ಕೆಲವೇ ಗಂಟೆಗಳಲ್ಲಿ ಉಂಟಾಗಬಹುದು.

ಓ.ಆರ್.ಎಸ್. ಕೆಲಸ ಮಾಡುವ ಬಗೆ

ಭೇದಿಯ ಸಮಯದಲ್ಲಿಯೂ ಸಣ್ಣ ಕರುಳು ಗ್ಲೂಕೋಸ್ ಮತ್ತು ಉಪ್ಪನ್ನು ಜೊತೆಯಾಗಿ ಹೀರಿಕೊಳ್ಳುವ ಶಕ್ತಿಯನ್ನು ಉಳಿಸಿಕೊಂಡಿರುತ್ತದೆ. ಇವೆರಡೂ ಒಳಸೇರುವಾಗ ನೀರು ಅವುಗಳನ್ನು ಹಿಂಬಾಲಿಸುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ, ರಕ್ತನಾಳದ ಮೂಲಕ ನೀಡುವ ಸಲೈನ್ ಸಾಲದಾದಾಗ, ಡಾ. ದಿಲೀಪ್ ಮಹಲನಬೀಸ್ ಅವರ ತಂಡವು ಇದೇ ತತ್ತ್ವದ ದ್ರಾವಣವನ್ನು ಬಾಯಿಯ ಮೂಲಕ ಕುಡಿಸಿ ಅಸಂಖ್ಯಾತ ಜೀವಗಳನ್ನು ಉಳಿಸಿತು. 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಘೋಷಿಸಲಾಯಿತು.

ತಯಾರಿಸುವ ಮತ್ತು ಕುಡಿಸುವ ಕ್ರಮ

ಕುದಿಸಿ ಆರಿಸಿದ 1 ಲೀಟರ್ ನೀರಿಗೆ, 1 ಲೀಟರಿನ ಪೊಟ್ಟಣವನ್ನು ಪೂರ್ತಿಯಾಗಿ ಸುರಿದು ಕರಗಿಸಬೇಕು. ಒಂದು ಲೋಟ ನೀರಿಗೆ ಅಂದಾಜಿನಲ್ಲಿ ಸ್ವಲ್ಪ ಪುಡಿ ಹಾಕುವುದು ತಪ್ಪು: ದ್ರಾವಣ ಗಟ್ಟಿಯಾದರೆ ರಕ್ತದಲ್ಲಿ ಉಪ್ಪಿನಂಶ ಏರುತ್ತದೆ, ತೆಳುವಾದರೆ ಪ್ರಯೋಜನವಾಗದು. ಸಕ್ಕರೆ ಅಥವಾ ಹಾಲನ್ನು ಬೆರೆಸಬಾರದು. ತಯಾರಿಸಿದ ದ್ರಾವಣವನ್ನು 24 ಗಂಟೆಗಳೊಳಗೆ ಬಳಸಿ, ಉಳಿದುದನ್ನು ಚೆಲ್ಲಬೇಕು. ಪೊಟ್ಟಣ ದೊರೆಯುವವರೆಗೆ, 1 ಲೀಟರ್ ನೀರಿಗೆ ಸಮತಟ್ಟಾದ 6 ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪು ಬೆರೆಸಿ ಕೊಡಬಹುದು.

ಪ್ರತಿ ಬಾರಿ ಭೇದಿಯಾದ ನಂತರ 2 ವರ್ಷದೊಳಗಿನ ಮಕ್ಕಳಿಗೆ 50ರಿಂದ 100 ಮಿ.ಲೀ., 2ರಿಂದ 10 ವರ್ಷದವರಿಗೆ 100ರಿಂದ 200 ಮಿ.ಲೀ., ದೊಡ್ಡವರಿಗೆ ಬೇಕೆನಿಸಿದಷ್ಟು ಕೊಡಬೇಕು. ವಾಂತಿಯಾದರೆ 10 ನಿಮಿಷ ಬಿಟ್ಟು, ಚಮಚದಿಂದ ನಿಧಾನವಾಗಿ ಮತ್ತೆ ಕುಡಿಸಬೇಕು. ಎಳನೀರು, ಮಜ್ಜಿಗೆ ಮತ್ತು ಉಪ್ಪು ಹಾಕಿದ ಗಂಜಿತಿಳಿ ಪೂರಕವಾಗಿ ಉತ್ತಮ. ಆದರೆ ಎಳನೀರಿನಲ್ಲಿ ಸೋಡಿಯಂ ಕಡಿಮೆ ಇರುವುದರಿಂದ ಅದು ಓ.ಆರ್.ಎಸ್.ಗೆ ಬದಲಿಯಲ್ಲ. ತಂಪು ಪಾನೀಯ ಹಾಗೂ ಅತಿ ಸಿಹಿಯಾದ ಹಣ್ಣಿನ ರಸಗಳಲ್ಲಿನ ಸಕ್ಕರೆ ಕರುಳಿಗೆ ಇನ್ನಷ್ಟು ನೀರನ್ನು ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ.

ಆಹಾರ

ಕರುಳಿನ ಒಳಪದರ ದುರಸ್ತಿಯಾಗಲು ಆಹಾರವೇ ಬೇಕು. ಶಿಶುಗಳಿಗೆ ಎದೆಹಾಲನ್ನು ಎಂದಿಗಿಂತ ಹೆಚ್ಚು ಬಾರಿ ಉಣಿಸಬೇಕು. ಯಾವ ಕಾರಣಕ್ಕೂ ನಿಲ್ಲಿಸಬಾರದು. ಇತರರಿಗೆ ಅಕ್ಕಿ ಗಂಜಿ, ರಾಗಿ ಅಂಬಲಿ, ಜೋಳದ ನುಚ್ಚು, ಮೆತ್ತಗಿನ ಮೊಸರನ್ನ, ಇಡ್ಲಿ, ತಿಳಿಯಾದ ಹೆಸರುಬೇಳೆ ಮತ್ತು ಬಾಳೆಹಣ್ಣು ಸೂಕ್ತ. ಇವುಗಳನ್ನು 3-4 ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವಾಗಿ ನೀಡಬೇಕು. ಕರಿದ ಮತ್ತು ಅತಿ ಖಾರದ ಪದಾರ್ಥಗಳನ್ನು ಕೆಲವು ದಿನ ದೂರವಿಡುವುದು ಒಳಿತು. ಭೇದಿ ನಿಂತ ಬಳಿಕ ಮಕ್ಕಳಿಗೆ 2 ವಾರ ಕಾಲ ದಿನಕ್ಕೊಂದು ಹೆಚ್ಚುವರಿ ಊಟ ನೀಡಿದರೆ ಕಳೆದುಕೊಂಡ ತೂಕ ಮರಳುತ್ತದೆ.

ಓ.ಆರ್.ಎಸ್. ಜೊತೆಗೆ ಜಿಂಕ್ ಮಾತ್ರೆಯನ್ನು 14 ದಿನ ನೀಡಬೇಕು: 2ರಿಂದ 6 ತಿಂಗಳ ಶಿಶುಗಳಿಗೆ ದಿನಕ್ಕೆ 10 ಮಿ.ಗ್ರಾಂ., 6 ತಿಂಗಳಿಂದ 5 ವರ್ಷದವರೆಗೆ 20 ಮಿ.ಗ್ರಾಂ. ಭೇದಿ ಬೇಗನೆ ನಿಂತರೂ ಮಾತ್ರೆಗಳನ್ನು ಪೂರ್ಣಗೊಳಿಸಬೇಕು. ವೈದ್ಯರ ಸಲಹೆಯಿಲ್ಲದೆ ಭೇದಿ ತಡೆಯುವ ಮಾತ್ರೆ ಅಥವಾ ಆಂಟಿಬಯೋಟಿಕ್ ಕೊಡಬಾರದು. ಮಧುಮೇಹ, ಹೃದ್ರೋಗ, ಮೂತ್ರಪಿಂಡದ ತೊಂದರೆಯುಳ್ಳವರು ದ್ರಾವಣದ ಪ್ರಮಾಣವನ್ನು ವೈದ್ಯರಿಂದ ತಿಳಿಯುವುದು ಸೂಕ್ತ.

ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕಾದ ಲಕ್ಷಣಗಳು

• ಮಗು ಕುಡಿಯದಿರುವುದು, ಅಥವಾ ಕುಡಿದುದೆಲ್ಲ ವಾಂತಿಯಾಗುವುದು
• ಕಣ್ಣು ಗುಳಿ ಬೀಳುವುದು, ಮಂಪರು
• ಚರ್ಮವನ್ನು ಹಿಡಿದು ಬಿಟ್ಟಾಗ ನಿಧಾನವಾಗಿ ಹಿಂದಿರುಗುವುದು
• 6 ಗಂಟೆಗಳಿಂದ ಮೂತ್ರ ಬಾರದಿರುವುದು
• ಮಲದಲ್ಲಿ ರಕ್ತ, ತೀವ್ರ ಜ್ವರ

ಇಂತಹ ಸಂದರ್ಭದಲ್ಲಿ 108ಕ್ಕೆ ಕರೆ ಮಾಡಿ, ದಾರಿಯುದ್ದಕ್ಕೂ ಓ.ಆರ್.ಎಸ್. ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು. ರೋಗಿಗೆ ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕಬಾರದು. ಓ.ಆರ್.ಎಸ್. ಮತ್ತು ಜಿಂಕ್‌ಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಆಶಾ ಕಾರ್ಯಕರ್ತೆಯನ್ನು ಸಂಪರ್ಕಿಸಬಹುದು. ಮನೆಯಲ್ಲಿ ಎರಡು ಪೊಟ್ಟಣಗಳನ್ನು ಮುಂಚಿತವಾಗಿಯೇ ಇಟ್ಟುಕೊಂಡಿದ್ದರೆ, ನಡುರಾತ್ರಿ ಭೇದಿ ಆರಂಭವಾದರೂ ಚಿಕಿತ್ಸೆ ಮನೆಯಿಂದಲೇ ಆರಂಭವಾಗುತ್ತದೆ.